ಒಳಾಂಗಣ ಅಲಂಕಾರ: ಕೋಣೆಯೊಳಗಿನ ಭೌತವಿಜ್ಞಾನ ಮತ್ತು ಅದರ ಕಲಿಕೆ

ಪ್ರತಿವರ್ಷ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಫಲಿತಾಂಶಗಳು ಹೊರಬಿದ್ದಾಗ ಅಧ್ಯಾಪಕರ ಬಳಿ ಸಲಹೆ ಕೇಳಲು ಬರುವ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಒಳಾಂಗಣ ಅಲಂಕಾರದ ತರಬೇತಿಯ ಬಗ್ಗೆ ವಿಚಾರಿಸುವುದುಂಟು. ಅವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: 'ಚಿತ್ರ ಬಿಡಿಸಲು ಚೆನ್ನಾಗಿ ಬರುತ್ತದೆಯೇ? ಬಣ್ಣಗಳ ಅಭಿರುಚಿ ಇದೆಯೇ? ಹಾಗಾದರೆ ಸೇರಿಕೋ.' ಗಣಿತ, ಭೌತವಿಜ್ಞಾನಗಳಲ್ಲಿ ಅಂಕ ಕಡಿಮೆ ಬಂದವರಿಗೆ ಇದು ಸುಲಭದ ದಾರಿ ಎಂಬ ಭಾವನೆಯೂ ಈ ಉತ್ತರದ ಹಿಂದೆ ಅಡಗಿರುತ್ತದೆ.

ಚಿತ್ರ ಬಿಡಿಸುವ ಕೈಯೂ ಬಣ್ಣದ ಅಭಿರುಚಿಯೂ ಈ ವೃತ್ತಿಗೆ ಬೇಕು, ನಿಜ. ಆದರೆ ಅಲಂಕರಿಸಿದ ಮನೆಯಲ್ಲಿ ವಾಸಿಸುವವರು ಮುಂದೆ ಹೇಳಿಕೊಳ್ಳುವ ದೂರುಗಳನ್ನು ಕಿವಿಗೊಟ್ಟು ಕೇಳಿ. ಓದುವ ಮೇಜಿನ ಮೇಲೆ ಬೆಳಕು ಸಾಲದು. ಹಜಾರದಲ್ಲಿ ನಾಲ್ಕು ಜನ ಮಾತನಾಡಿದರೆ ಗದ್ದಲವಾಗುತ್ತದೆ. ಪುಸ್ತಕದ ಕಪಾಟಿನ ಹಲಗೆ ನಡುವೆ ಜೋತುಬಿದ್ದಿದೆ. ಮಳೆಗಾಲದಲ್ಲಿ ಬೀರುವಿನ ಬಾಗಿಲು ಮುಚ್ಚುವುದಿಲ್ಲ. ಪಶ್ಚಿಮದ ಕೋಣೆ ಸಂಜೆ ಕಾದ ಕಾವಲಿಯಾಗುತ್ತದೆ. ಇವುಗಳಲ್ಲಿ ಒಂದೂ ಅಭಿರುಚಿಯ ಕೊರತೆಯಿಂದ ಆದದ್ದಲ್ಲ. ಎಲ್ಲವೂ ಅಳತೆ ಮಾಡದೆ, ಲೆಕ್ಕ ಹಾಕದೆ ಆದವು. ಮಧ್ಯಮ ವರ್ಗದ ಕುಟುಂಬವೊಂದು ಮನೆ ಕಟ್ಟಿಸಿದ ಮೇಲೆ ಉಳಿದ ಹಣವನ್ನೆಲ್ಲ ಒಳಾಂಗಣಕ್ಕೆ ಸುರಿಯುವುದು ಈಗ ಸಾಮಾನ್ಯ. ಹೀಗಾಗಿ ಈ ವೃತ್ತಿಗೆ ಬರುವವರು ಏನನ್ನು ಕಲಿತಿರಬೇಕು ಎಂಬ ಪ್ರಶ್ನೆ ಹಗುರವಾದದ್ದಲ್ಲ. ಅವರು ಕಲಿಯಬೇಕಾದದ್ದರ ದೊಡ್ಡ ಭಾಗ ನಮ್ಮ ಪ್ರೌಢಶಾಲೆ ಮತ್ತು ಪಿಯುಸಿ ಭೌತವಿಜ್ಞಾನದಲ್ಲೇ ಇದೆ ಎಂಬುದನ್ನು ಈ ಲೇಖನದಲ್ಲಿ ಕೆಲವು ಉದಾಹರಣೆಗಳ ಮೂಲಕ ನೋಡೋಣ.

ಬೆಳಕು: ಎಷ್ಟು, ಎಂಥದ್ದು

ದೀಪವೊಂದು ಒಟ್ಟಾರೆ ಹೊರಸೂಸುವ ಬೆಳಕನ್ನು ಲ್ಯೂಮೆನ್‌ಗಳಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರ್ ಮೇಲ್ಮೈಯ ಮೇಲೆ ಬೀಳುವ ಲ್ಯೂಮೆನ್‌ಗಳ ಸಂಖ್ಯೆಯೇ ಲಕ್ಸ್. ವಾಟ್ ಎಂಬುದು ದೀಪ ಬಳಸುವ ವಿದ್ಯುತ್ ಸಾಮರ್ಥ್ಯವೇ ಹೊರತು ಬೆಳಕಿನ ಅಳತೆಯಲ್ಲ. ಹಳೆಯ 60 ವಾಟ್‌ನ ತಂತುದೀಪ ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. ಇಂದಿನ ಎಲ್‌ಇಡಿ ದೀಪ ಅಷ್ಟೇ ಬೆಳಕನ್ನು ಏಳೆಂಟು ವಾಟ್‌ಗಳಲ್ಲಿ ಕೊಡಬಲ್ಲದು. ಒಳಾಂಗಣ ಬೆಳಕಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 3646 ತರಗತಿ ಕೋಣೆಗೆ ಸುಮಾರು 300 ಲಕ್ಸ್ ಸೂಚಿಸುತ್ತದೆ.

ಈಗ 4 ಮೀಟರ್ ಉದ್ದ, 3 ಮೀಟರ್ ಅಗಲದ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ವಿಸ್ತೀರ್ಣ 12 ಚದರ ಮೀಟರ್. ಸಾಮಾನ್ಯ ಬಳಕೆಗೆ 150 ಲಕ್ಸ್ ಸಾಕೆಂದುಕೊಂಡರೆ ಮೇಜಿನ ಎತ್ತರದಲ್ಲಿ 1800 ಲ್ಯೂಮೆನ್ ಬೀಳಬೇಕು. ಆದರೆ ದೀಪದಿಂದ ಹೊರಟ ಬೆಳಕೆಲ್ಲ ಅಲ್ಲಿಗೆ ಬಂದು ತಲುಪುವುದಿಲ್ಲ. ಒಂದಷ್ಟು ನೇರವಾಗಿ ಬರುತ್ತದೆ, ಒಂದಷ್ಟು ಗೋಡೆ ಮತ್ತು ಚಾವಣಿಗಳಿಂದ ಪ್ರತಿಫಲಿಸಿ ಬರುತ್ತದೆ, ಮಿಕ್ಕದ್ದನ್ನು ಗೋಡೆಗಳೇ ಹೀರಿಕೊಳ್ಳುತ್ತವೆ. ತಲುಪುವ ಭಾಗಕ್ಕೆ ಬಳಕೆಯ ಗುಣಾಂಕ ಎಂದು ಹೆಸರು. ಗೋಡೆ ಬಿಳಿಯಾಗಿದ್ದರೆ ಅದು ಇಂಥ ಕೋಣೆಯಲ್ಲಿ 0.5ರಷ್ಟು ಇರಬಹುದು. ಧೂಳು ಕೂರುವುದಕ್ಕೂ ದೀಪ ಹಳತಾಗುವುದಕ್ಕೂ ಇನ್ನೊಂದು 0.8 ಎಂದು ಹಿಡಿಯೋಣ. ಆಗ ಬೇಕಾದದ್ದು 1800 ÷ (0.5 × 0.8), ಅಂದರೆ 4500 ಲ್ಯೂಮೆನ್. ಒಂದು ವಾಟ್‌ಗೆ 100 ಲ್ಯೂಮೆನ್ ಕೊಡುವ ಎಲ್‌ಇಡಿಯಾದರೆ 45 ವಾಟ್.

ಮನೆಯೊಡತಿಯೊಬ್ಬರು ಯಾವುದೋ ಪತ್ರಿಕೆಯ ಚಿತ್ರ ನೋಡಿ ಅದೇ ಕೋಣೆಗೆ ಕಡು ಕಾಫಿಬಣ್ಣ ಬಳಿಸುತ್ತಾರೆ ಎನ್ನೋಣ. ಬಿಳಿ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 80ರಷ್ಟನ್ನು ಹಿಂದಿರುಗಿಸಿದರೆ ಈ ಬಣ್ಣ ಶೇಕಡ 10ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಗುಣಾಂಕ 0.3ಕ್ಕೆ ಇಳಿದರೆ ಬೇಕಾಗುವ ಬೆಳಕು 7500 ಲ್ಯೂಮೆನ್, ಅಂದರೆ 75 ವಾಟ್. ದಿನಕ್ಕೆ 5 ಗಂಟೆ ದೀಪ ಉರಿದರೆ ವರ್ಷಕ್ಕೆ ಸುಮಾರು 55 ಯೂನಿಟ್ ವಿದ್ಯುತ್ ಹೆಚ್ಚಿಗೆ ಖರ್ಚಾಗುತ್ತದೆ, ಅದೂ ಒಂದೇ ಕೋಣೆಯಲ್ಲಿ. ಕಡು ಬಣ್ಣ ಬಳಿಯಬಾರದು ಎಂದಲ್ಲ. ಬಳಿಯುವ ಮುನ್ನ ಈ ಲೆಕ್ಕವನ್ನು ಮನೆಯವರ ಮುಂದಿಡುವವನು ಅಲಂಕಾರಕಾರ. ಇಡದವನು ಬಣ್ಣದ ಪಟ್ಟಿ ತೋರಿಸುವ ಅಂಗಡಿಯವನು.

ಬೆಳಕಿನ ಪ್ರಮಾಣಕ್ಕಿಂತ ಸೂಕ್ಷ್ಮವಾದದ್ದು ಅದರ ಗುಣ. ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಒಪ್ಪಿಕೊಂಡು ತಂದ ಇಳಕಲ್ ಸೀರೆಯ ಬಣ್ಣ ಮನೆಯಂಗಳದಲ್ಲಿ ಬೇರೆಯಾಗಿ ಕಾಣುವ ಅನುಭವ ಅನೇಕರಿಗಿದೆ. ಅದಕ್ಕೇ ಹಿರಿಯರು ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕು ಕೋಶಗಳು ಮೂರೇ ಬಗೆಯವು. ಮೇಲ್ಮೈಯೊಂದರಿಂದ ಬರುವ ಬೆಳಕಿನ ರೋಹಿತದಲ್ಲಿ ಎಷ್ಟೇ ವಿವರಗಳಿದ್ದರೂ ಮೆದುಳಿಗೆ ತಲುಪುವುದು ಮೂರು ಸಂಕೇತಗಳು ಮಾತ್ರ. ಆದ್ದರಿಂದ ಬೇರೆ ಬೇರೆ ರೋಹಿತಗಳನ್ನು ಪ್ರತಿಫಲಿಸುವ ಎರಡು ಬಟ್ಟೆಗಳು ಒಂದು ದೀಪದ ಕೆಳಗೆ ಒಂದೇ ಮೂರು ಸಂಕೇತ ಕೊಟ್ಟು ಒಂದೇ ಬಣ್ಣವೆನಿಸಬಹುದು. ದೀಪ ಬದಲಾದರೆ ಈ ಹೊಂದಾಣಿಕೆ ಮುರಿಯುತ್ತದೆ. ಪರದೆಯ ಬಟ್ಟೆಯನ್ನೂ ಸೋಫಾದ ಹೊದಿಕೆಯನ್ನೂ ಬೇರೆ ಬೇರೆ ಗಿರಣಿಗಳಿಂದ ತರಿಸುವವರಿಗೆ ಇದು ನಿತ್ಯದ ತಲೆನೋವು. ಪರಿಹಾರ ಸರಳ: ಮಾದರಿ ತುಂಡುಗಳನ್ನು ಅವು ಇರಬೇಕಾದ ಕೋಣೆಗೇ ಒಯ್ದು, ಹಗಲು ಒಮ್ಮೆ, ದೀಪ ಹಚ್ಚಿ ಒಮ್ಮೆ ನೋಡುವುದು.

ಎಲ್‌ಇಡಿ ದೀಪದ ಪೆಟ್ಟಿಗೆಯ ಮೇಲೆ ಬಣ್ಣ ತೋರುವ ಸೂಚ್ಯಂಕ 80 ಅಥವಾ 90 ಎಂದು ಅಚ್ಚಾಗಿರುತ್ತದೆ. ತಂತುದೀಪಕ್ಕೆ ಇದು ಹೆಚ್ಚುಕಡಿಮೆ 100. ಈ ಸೂಚ್ಯಂಕವನ್ನು ಎಂಟು ತಿಳಿ ಬಣ್ಣಗಳ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ. ಕಡು ಕೆಂಪು ಆ ಎಂಟರಲ್ಲಿ ಇಲ್ಲ. ಹೀಗಾಗಿ 80 ಅಂಕದ ದೀಪವೂ ಕುಂಕುಮ ಕೆಂಪನ್ನು ಮಂಕಾಗಿಸಬಹುದು. ಬಟ್ಟೆ ಅಂಗಡಿ, ಕಲ್ಯಾಣಮಂಟಪಗಳ ಬೆಳಕನ್ನು ಯೋಜಿಸುವವರು ಇದನ್ನು ಅರಿತಿರಬೇಕು. 'ಬೆಚ್ಚಗಿನ ಬಣ್ಣ' ಎಂದು ಅಲಂಕಾರಕಾರರು ಕರೆಯುವ ಹಳದಿ ಬೆಳಕಿನ ಬಣ್ಣತಾಪ 2700 ಕೆಲ್ವಿನ್, 'ತಂಪು' ಎನ್ನುವ ನೀಲಿಬಿಳಿ ಬೆಳಕಿನದು 6500 ಕೆಲ್ವಿನ್. ಭೌತವಿಜ್ಞಾನಿಗೆ ಇದು ತಲೆಕೆಳಗು. ವಿದ್ಯಾರ್ಥಿಗಳಿಗೆ ಕಾದ ಕಬ್ಬಿಣದ ಉದಾಹರಣೆ ಕೊಟ್ಟರೆ ಗೊಂದಲ ಬಗೆಹರಿಯುತ್ತದೆ: ಮೊದಲು ಕೆಂಪು, ಹೆಚ್ಚು ಕಾದಂತೆ ಬಿಳಿ.

ಶಬ್ದ: ಸಬೀನ್‌ನ ಮೆತ್ತೆಗಳು

ಒಳಾಂಗಣದ ಶಬ್ದವಿಜ್ಞಾನ ಹುಟ್ಟಿದ್ದೇ ಒಂದು ಉಪನ್ಯಾಸ ಕೊಠಡಿಯ ವೈಫಲ್ಯದಿಂದ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1895ರಲ್ಲಿ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರ ಸಿದ್ಧವಾಯಿತು. ನೋಡಲು ಭವ್ಯ, ಆದರೆ ಉಪನ್ಯಾಸಕರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಇದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೀನ್ ಎಂಬ ತರುಣ ಭೌತವಿಜ್ಞಾನ ಅಧ್ಯಾಪಕನ ಹೆಗಲಿಗೆ ಬಿತ್ತು. ಆತನಿಗೆ ಡಾಕ್ಟರೇಟ್ ಇರಲಿಲ್ಲ, ಮುಂದೆಯೂ ಪಡೆಯಲಿಲ್ಲ. ಅವನ ಸಾಧನಗಳು 512 ಹರ್ಟ್ಸ್ ಸ್ವರದ ಒಂದು ಆರ್ಗನ್ ಕೊಳವೆ, ಕಾಲಮಾಪಕ ಮತ್ತು ತನ್ನದೇ ಕಿವಿ. ಬೀದಿಯ ಸದ್ದು ಅಡಗಿದ ಮೇಲೆ, ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಅವನ ಪ್ರಯೋಗ. ಕೊಳವೆಯನ್ನು ನುಡಿಸಿ ನಿಲ್ಲಿಸಿದ ಮೇಲೂ ಖಾಲಿ ಮಂದಿರದಲ್ಲಿ ಶಬ್ದ ಐದೂವರೆ ಸೆಕೆಂಡಿಗಿಂತ ಹೆಚ್ಚು ಕಾಲ ಕೇಳಿಸುತ್ತಿತ್ತು. ಒಂದು ಪದ ಸಾಯುವ ಮೊದಲೇ ಹತ್ತಾರು ಪದಗಳು ಅದರ ಮೇಲೆ ಬಂದು ಬೀಳುತ್ತಿದ್ದವು.

ಹತ್ತಿರದ ಸ್ಯಾಂಡರ್ಸ್ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊತ್ತು ತಂದು ಹಾಕುವುದು, ಶಬ್ದ ಅಡಗುವ ಕಾಲವನ್ನು ಅಳೆಯುವುದು, ಮತ್ತಷ್ಟು ಮೆತ್ತೆ ಹಾಕಿ ಮತ್ತೆ ಅಳೆಯುವುದು, ಬೆಳಗಾಗುವಷ್ಟರಲ್ಲಿ ಎಲ್ಲವನ್ನೂ ಹಿಂದಕ್ಕೆ ಸಾಗಿಸುವುದು. ಹೀಗೆ ವರ್ಷಗಟ್ಟಲೆ ನಡೆದ ಪ್ರಯೋಗಗಳಿಂದ 1898ರ ಹೊತ್ತಿಗೆ ಅವನಿಗೆ ಹೊಳೆದ ಸಂಬಂಧ ಇದು:

ಅನುರಣನ ಕಾಲ = 0.161 × ಕೋಣೆಯ ಗಾತ್ರ ÷ ಒಟ್ಟು ಹೀರಿಕೆ

ಅನುರಣನ ಕಾಲವೆಂದರೆ ಶಬ್ದದ ತೀವ್ರತೆ ಹತ್ತು ಲಕ್ಷದಲ್ಲೊಂದು ಭಾಗಕ್ಕೆ, ಅಂದರೆ 60 ಡೆಸಿಬೆಲ್‌ನಷ್ಟು, ಇಳಿಯಲು ಬೇಕಾಗುವ ಸೆಕೆಂಡುಗಳು. ಗಾತ್ರವನ್ನು ಘನ ಮೀಟರ್‌ಗಳಲ್ಲಿ ತೆಗೆದುಕೊಳ್ಳಬೇಕು. ಒಟ್ಟು ಹೀರಿಕೆಯನ್ನು ಪಡೆಯಲು ಪ್ರತಿಯೊಂದು ಮೇಲ್ಮೈಯ ವಿಸ್ತೀರ್ಣವನ್ನು ಅದರ ಹೀರಿಕೆ ಗುಣಾಂಕದಿಂದ ಗುಣಿಸಿ ಕೂಡಬೇಕು. ತೆರೆದ ಕಿಟಕಿಯ ಗುಣಾಂಕ 1. ಅದರ ಮೂಲಕ ಹೋದ ಶಬ್ದ ಹಿಂದಿರುಗುವುದಿಲ್ಲವಲ್ಲ! ಈ ಸೂತ್ರದ ಮೊದಲ ದೊಡ್ಡ ಫಲ 1900ರಲ್ಲಿ ತೆರೆದ ಬಾಸ್ಟನ್ ಸಿಂಫೊನಿ ಸಭಾಂಗಣ. ಅದು ಇಂದಿಗೂ ಲೋಕದ ಅತ್ಯುತ್ತಮ ಸಂಗೀತ ಸಭಾಂಗಣಗಳಲ್ಲಿ ಒಂದೆಂದು ಹೆಸರಾಗಿದೆ.

ನಮ್ಮ ಸಾಮಾನ್ಯ ತರಗತಿಯೊಂದಕ್ಕೆ ಇದನ್ನು ಅನ್ವಯಿಸೋಣ. ಉದ್ದ 8 ಮೀಟರ್, ಅಗಲ 6, ಎತ್ತರ 3.5. ಗಾತ್ರ 168 ಘನ ಮೀಟರ್. ನೆಲ 48, ಚಾವಣಿ 48, ಗೋಡೆಗಳು 98, ಒಟ್ಟು 194 ಚದರ ಮೀಟರ್. ಸಿಮೆಂಟ್ ಗಾರೆ, ಕಲ್ಲಿನ ನೆಲಗಳ ಹೀರಿಕೆ ಗುಣಾಂಕ ಬಲು ಕಡಿಮೆ, ಸುಮಾರು 0.025. ಕಿಟಕಿ ಬಾಗಿಲು ಮುಚ್ಚಿದ್ದರೆ ಒಟ್ಟು ಹೀರಿಕೆ 4.85. ಅನುರಣನ ಕಾಲ 0.161 × 168 ÷ 4.85, ಸುಮಾರು 5.6 ಸೆಕೆಂಡ್. ಸಬೀನ್‌ಗೆ ಎದುರಾದ ಮಂದಿರದ ಸ್ಥಿತಿಯೇ! 40 ಮಕ್ಕಳು ಬಂದು ಕುಳಿತರೆ ಒಬ್ಬೊಬ್ಬರೂ ಸುಮಾರು 0.4 ಚದರ ಮೀಟರ್ ತೆರೆದ ಕಿಟಕಿಯಷ್ಟು ಶಬ್ದ ಹೀರುತ್ತಾರೆ. ಹೀರಿಕೆ ಸುಮಾರು 21ಕ್ಕೆ ಏರಿ ಕಾಲ 1.3 ಸೆಕೆಂಡಿಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ತರಗತಿಯಲ್ಲಿ 0.6 ಸೆಕೆಂಡಿನ ಆಸುಪಾಸಿನಲ್ಲಿ ಇರಬೇಕು. ಚಾವಣಿಗೆ 0.6 ಗುಣಾಂಕದ ಹೀರುವ ಹಲಗೆಗಳನ್ನು ಹೊದಿಸಿದರೆ ಹೀರಿಕೆ 48 ದಾಟಿ ಅನುರಣನ ಕಾಲ 0.56 ಸೆಕೆಂಡ್ ಆಗುತ್ತದೆ. ಹೀರಿಕೆ ಹೆಚ್ಚಾದಂತೆ ಸಬೀನ್ ಸೂತ್ರದ ನಿಖರತೆ ಸ್ವಲ್ಪ ತಗ್ಗುತ್ತದಾದರೂ ಇಷ್ಟು ಲೆಕ್ಕಕ್ಕೆ ಅಡ್ಡಿಯಿಲ್ಲ. ಅಧ್ಯಾಪಕರ ಗಂಟಲು ಬೇಗ ಬಳಲುವುದಕ್ಕೂ ಹಿಂದಿನ ಬೆಂಚಿನ ಮಗು 'ಗಮನ ಕೊಡುವುದಿಲ್ಲ' ಎನಿಸಿಕೊಳ್ಳುವುದಕ್ಕೂ ಈ ಸೆಕೆಂಡುಗಳಲ್ಲಿ ಒಂದು ಕಾರಣ ಇದೆ. ಮಂಗಳೂರು ಹೆಂಚಿನ ಹಳೆಯ ಶಾಲೆಗಳಲ್ಲಿ ಹೆಂಚುಗಳ ನಡುವಿನ ಸಂದುಗಳೇ ಸಾವಿರ ಪುಟ್ಟ ತೆರೆದ ಕಿಟಕಿಗಳಾಗಿ ಕೆಲಸ ಮಾಡುತ್ತಿದ್ದವು.

ಈ ಕ್ಷೇತ್ರದಲ್ಲಿ ಅರೆತಿಳಿವಳಿಕೆಯಿಂದ ಆಗುವ ನಷ್ಟ ದೊಡ್ಡದು. ಶಬ್ದವನ್ನು ಹೀರುವುದು ಬೇರೆ, ತಡೆಯುವುದು ಬೇರೆ. ರಂಧ್ರಗಳಿರುವ ಮೆತ್ತನೆಯ ವಸ್ತು ಕೋಣೆಯೊಳಗಿನ ಅನುರಣನವನ್ನು ತಗ್ಗಿಸುತ್ತದೆ. ಪಕ್ಕದ ಮನೆಯ ಟಿವಿ ಸದ್ದನ್ನು ತಡೆಯಲಾರದು. ತಡೆಯಲು ಬೇಕಾದದ್ದು ತೂಕ ಮತ್ತು ಸಂದಿಲ್ಲದ ಗೋಡೆ. ಗೋಡೆಯ ತೂಕ ಇಮ್ಮಡಿಯಾದರೆ ದಾಟಿ ಬರುವ ಶಬ್ದ ಐದಾರು ಡೆಸಿಬೆಲ್ ಇಳಿಯುತ್ತದೆ. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸಿ ಧ್ವನಿಮುದ್ರಣ ಕೊಠಡಿ ಮಾಡಿದೆವೆಂದು ನಂಬುವವರು ಇಂದಿಗೂ ಇದ್ದಾರೆ. ಥರ್ಮೋಕೋಲ್ ಅಂಟಿಸುವವರೂ ಇದ್ದಾರೆ. ಅದರ ಗಾಳಿಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಶಬ್ದ ಒಳಹೊಗುವುದೇ ಇಲ್ಲ, ಜೊತೆಗೆ ಅದು ಸುಲಭವಾಗಿ ಹೊತ್ತಿ ಉರಿಯುತ್ತದೆ. ಜಿಪ್ಸಂನ ನಯವಾದ ಫಾಲ್ಸ್ ಸೀಲಿಂಗ್ ಕೂಡ ಮಾತಿನ ಆವೃತ್ತಿಗಳನ್ನು ಬಹುಪಾಲು ಹಿಂದಕ್ಕೇ ಕಳಿಸುತ್ತದೆ. ಇವೆಲ್ಲಕ್ಕಿಂತ ನಮ್ಮ ಕುರಿಯುಣ್ಣೆಯ ಕಂಬಳಿ ಮೇಲು. ಅದನ್ನೂ ಗೋಡೆಗೆ ಒತ್ತಿ ಹೊಡೆಯಬಾರದು. ಒಂದು ಗೇಣು ಮುಂದಕ್ಕೆ ತೂಗುಹಾಕಬೇಕು. ಗೋಡೆಗೆ ತಾಗಿದಂತೆ ಗಾಳಿಯ ಕಣಗಳ ಚಲನೆ ಸೊನ್ನೆ. ಅಲೆಯುದ್ದದ ಕಾಲುಭಾಗದಷ್ಟು ದೂರದಲ್ಲಿ ಅದು ಗರಿಷ್ಠ. 500 ಹರ್ಟ್ಸ್ ಶಬ್ದದ ಅಲೆಯುದ್ದ 68 ಸೆಂಟಿಮೀಟರ್, ಅದರ ಕಾಲುಭಾಗ 17. ಚಲನೆ ಇರುವಲ್ಲಿ ಮಾತ್ರ ಎಳೆಗಳ ಘರ್ಷಣೆಗೆ ಶಬ್ದದ ಶಕ್ತಿ ಸಿಕ್ಕೀತು.

ನೆಲ, ಕಿಟಕಿ, ಹಲಗೆ

ಬೆಳಗಿನ ಹೊತ್ತು ಗ್ರಾನೈಟ್ ನೆಲದ ಮೇಲೆ ಕಾಲಿಟ್ಟರೆ ತಣ್ಣಗೆ, ಮರದ ನೆಲದ ಮೇಲೆ ಬೆಚ್ಚಗೆ. ಉಷ್ಣಮಾಪಕ ಇಟ್ಟು ನೋಡಿದರೆ ಎರಡೂ ಒಂದೇ. ಅಂಗಾಲು ಗುರುತಿಸುವುದು ನೆಲದ ತಾಪವನ್ನಲ್ಲ, ಪಾದ ಮತ್ತು ನೆಲ ತಾಗಿದೊಡನೆ ಅವುಗಳ ನಡುವೆ ಏರ್ಪಡುವ ತಾಪವನ್ನು. ಅದನ್ನು ನಿರ್ಧರಿಸುವುದು ಪ್ರತಿ ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ ಮತ್ತು ವಿಶಿಷ್ಟ ಉಷ್ಣಗಳ ಗುಣಲಬ್ಧದ ವರ್ಗಮೂಲ. ಪಾದದ ಚರ್ಮ 33 ಡಿಗ್ರಿ, ನೆಲ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಗ್ರಾನೈಟಿನ ಮೇಲೆ ಈ ತಾಪ ಸುಮಾರು 27, ಮರದ ಮೇಲೆ ಸುಮಾರು 31. ಮಡಿಕೇರಿಯ ಮನೆಗೂ ರಾಯಚೂರಿನ ಮನೆಗೂ ಒಂದೇ ನೆಲ ಹೇಳುವ ಅಲಂಕಾರಕಾರನಿಗೆ ಈ ನಾಲ್ಕು ಡಿಗ್ರಿ ನೆನಪಿರಬೇಕು.

ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿದರೆ ಸೆಕೆ ತಪ್ಪುವುದೇ? ಗಾಜು ಸೂರ್ಯನ ಬೆಳಕನ್ನೂ ಸಮೀಪದ ಅವಕೆಂಪನ್ನೂ ಒಳಗೆ ಬಿಡುತ್ತದೆ. ಪರದೆ ಅದನ್ನು ಹೀರಿ ಕಾಯುತ್ತದೆ, ಕಾದು ಹೊರಸೂಸುವ ದೀರ್ಘ ಅಲೆಗಳ ಅವಕೆಂಪಿಗೆ ಗಾಜು ದಾರಿ ಬಿಡುವುದಿಲ್ಲ. ಬಿಸಿಲು ಕಣ್ಣಿಗೆ ಕಾಣದಾಯಿತು, ಶಾಖ ಮಾತ್ರ ಒಳಗೇ ಉಳಿಯಿತು. ಪರದೆಯ ಬಣ್ಣ ತಿಳಿಯಾಗಿದ್ದರೆ ಒಂದಷ್ಟು ಬೆಳಕು ಹಿಂದಿರುಗಿ ಹೋಗುತ್ತದೆ. ಆದರೂ ಗಾಜಿನ ಹೊರಗಿನ ನೆರಳಿಗೆ ಅದು ಸಾಟಿಯಲ್ಲ. ಸಜ್ಜಾ, ಬಿದಿರಿನ ತಟ್ಟಿ, ನೀರು ಚಿಮುಕಿಸಿದ ಲಾವಂಚದ ಪರದೆ ಇವೆಲ್ಲ ಹೊರಗೇ ಇರುತ್ತಿದ್ದುದಕ್ಕೆ ಕಾರಣವಿದೆ. ಲಾವಂಚದಲ್ಲಿ ಆವಿಯಾಗುವ ನೀರು ಗಾಳಿಯ ಶಾಖವನ್ನೂ ಸೆಳೆದುಕೊಳ್ಳುತ್ತದೆ. ಒಣಹವೆಯ ಬಳ್ಳಾರಿ, ಕಲಬುರಗಿಗಳಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿರುವ ಕರಾವಳಿಯಲ್ಲಿ ಅಷ್ಟಾಗಿ ಮಾಡದು.

ಮರಕ್ಕೂ ಈ ತೇವದ ಜೊತೆಗೇ ಲೇವಾದೇವಿ. ಅದು ಗಾಳಿಯಿಂದ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹೆಚ್ಚು. ತೇವಾಂಶ ಶೇಕಡ 5ರಷ್ಟು ಬದಲಾದರೆ 30 ಸೆಂಟಿಮೀಟರ್ ಅಗಲದ ತೇಗದ ಹಲಗೆ, ಅದನ್ನು ಸೀಳಿದ ರೀತಿಯನ್ನು ಅವಲಂಬಿಸಿ, 3 ಮಿಲಿಮೀಟರ್‌ವರೆಗೂ ಅಗಲ ಬದಲಿಸಬಹುದು. ಬೀರುವಿನ ಬಾಗಿಲು ಸಿಕ್ಕಿಕೊಳ್ಳಲು ಅಷ್ಟು ಸಾಕು. ಪ್ಲೈವುಡ್‌ನಲ್ಲಿ ಒಂದರ ಮೇಲೊಂದು ಪದರದ ಎಳೆಗಳನ್ನು ಅಡ್ಡಡ್ಡಲಾಗಿ ಜೋಡಿಸಿ ಅಂಟಿಸುವುದು ಈ ಚಲನೆಯನ್ನು ಕಟ್ಟಿಹಾಕಲೆಂದೇ. ಅಲ್ಲಿ ಅಂಟೇ ಮುಖ್ಯ. ಐಎಸ್ 303 ಮಾನಕದ 'ಎಂಆರ್' ದರ್ಜೆ ತೇವವನ್ನು ಒಂದಿಷ್ಟು ತಾಳುತ್ತದೆ, ನೀರನ್ನಲ್ಲ. ಐಎಸ್ 710 ಮಾನಕದ ಹಲಗೆಯ ಅಂಟು 72 ಗಂಟೆ ಕುದಿಯುವ ನೀರಿನಲ್ಲಿದ್ದೂ ಹಿಡಿತ ಬಿಡಬಾರದು. ಅಡುಗೆಮನೆಯ ತೊಟ್ಟಿಯ ಕೆಳಗೆ ಎಂಆರ್ ಹಲಗೆ ಹಾಕಿ ಮೇಲೆ ಹೊಳೆಯುವ ಲ್ಯಾಮಿನೇಟ್ ಅಂಟಿಸಿದರೆ ಮೊದಲ ದಿನ ಯಾರಿಗೂ ಗೊತ್ತಾಗದು.

ಜೋತುಬಿದ್ದ ಕಪಾಟಿನ ವಿಷಯಕ್ಕೆ ಒಂದೇ ಸೂತ್ರ ಸಾಕು. ಉದ್ದಕ್ಕೂ ಸಮನಾಗಿ ಭಾರ ಹೊತ್ತ ಹಲಗೆಯ ಬಾಗು ಅದರ ಆಧಾರಗಳ ನಡುವಿನ ಅಂತರದ ನಾಲ್ಕನೇ ಘಾತಕ್ಕೆ ಅನುಪಾತ, ದಪ್ಪದ ಘನಕ್ಕೆ ವಿಲೋಮ ಅನುಪಾತ. ಎರಡು ಅಡಿಯ ಹಲಗೆಯನ್ನು ಮೂರು ಅಡಿ ಮಾಡಿದರೆ ಬಾಗು ಐದು ಪಟ್ಟು. 18 ಮಿಲಿಮೀಟರ್ ಬದಲು 25 ಮಿಲಿಮೀಟರ್ ದಪ್ಪದ ಹಲಗೆ ಹಾಕಿದರೆ ಬಾಗು ಇಳಿಯುವುದು 2.7 ಪಟ್ಟು ಮಾತ್ರ. ದಪ್ಪಕ್ಕೆ ಹಣ ಸುರಿಯುವ ಬದಲು ನಡುವೆ ಒಂದು ಆಧಾರ ಕೊಡುವುದು ಜಾಣತನ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಗಾಳಿ. ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ನಿಧಾನವಾಗಿ ಹೊರಬರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಸೆಕೆಯೂ ತೇವವೂ ಹೆಚ್ಚಿದಷ್ಟು ಅದರ ಹೊರಸೂಸುವಿಕೆ ಹೆಚ್ಚು. ಹೊಸ ಕಪಾಟುಗಳ ಕೋಣೆಯನ್ನು ಕೆಲವು ವಾರ ಕಿಟಕಿ ತೆರೆದಿಟ್ಟು ಆಮೇಲೆ ಮಕ್ಕಳನ್ನು ಮಲಗಿಸುವುದು ಒಳ್ಳೆಯದು.

ತರಬೇತಿಯ ದಾರಿಗಳು

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಕೈಗಾರಿಕಾ ತರಬೇತಿ ಯೋಜನೆಯಡಿ ಇಂಟೀರಿಯರ್ ಡಿಸೈನ್ ಅಂಡ್ ಡೆಕೊರೇಷನ್ ಎಂಬ ಒಂದು ವರ್ಷದ ಐಟಿಐ ವೃತ್ತಿ ಇದೆ. ರಾಜ್ಯದ ಕೆಲವು ಪಾಲಿಟೆಕ್ನಿಕ್‌ಗಳಲ್ಲಿ ಒಳಾಂಗಣ ಅಲಂಕಾರದ ಮೂರು ವರ್ಷದ ಡಿಪ್ಲೊಮಾ ನಡೆದುಬಂದಿದೆ. ಪಿಯುಸಿ ನಂತರ ನಾಲ್ಕು ಅಥವಾ ಐದು ವರ್ಷಗಳ ವಿನ್ಯಾಸ ಪದವಿಗಳಿವೆ. ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ನಮ್ಮ ದೇಶದಲ್ಲಿ ಈ ಬಗೆಯ ಶಿಕ್ಷಣಕ್ಕೆ ಬುನಾದಿ ಹಾಕಿತು. ಇನ್ನು ಮೂರು ತಿಂಗಳು, ಆರು ತಿಂಗಳುಗಳ ಖಾಸಗಿ ತರಬೇತಿಗಳು ಊರೂರಿಗೂ ಬಂದಿವೆ.

ಒಂದು ಭೇದವನ್ನು ಪೋಷಕರು ತಿಳಿದಿರಬೇಕು. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಇಂಟೀರಿಯರ್ ಡಿಸೈನರ್ ಎಂಬ ಹೆಸರಿಗೆ ಅಂಥ ರಕ್ಷಣೆ ಇಲ್ಲ. ಅದೇ 1972ರಲ್ಲಿ ಹುಟ್ಟಿದ ಭಾರತೀಯ ಒಳಾಂಗಣ ವಿನ್ಯಾಸಕಾರರ ಸಂಸ್ಥೆ ವೃತ್ತಿಬಾಂಧವರ ಸಂಘಟನೆಯೇ ಹೊರತು ಪರವಾನಗಿ ಕೊಡುವ ಅಧಿಕಾರಿಯಲ್ಲ. ಆರು ತಿಂಗಳು ಕಲಿತವನೂ ಐದು ವರ್ಷ ಕಲಿತವಳೂ ಒಂದೇ ಹೆಸರಿನ ಫಲಕ ತೂಗುಹಾಕಬಹುದು. ಆರ್ಕಿಟೆಕ್ಚರ್ ಪದವಿಗೆ ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ ಕಡ್ಡಾಯ. ಒಳಾಂಗಣ ವಿನ್ಯಾಸದ ಬಹುತೇಕ ಕೋರ್ಸುಗಳಿಗೆ ಯಾವ ವಿಭಾಗದವರಾದರೂ ಆಗುತ್ತದೆ. ಬಾಗಿಲು ಅಗಲವಾಗಿರುವುದು ಒಳ್ಳೆಯದೇ. ಆದರೆ ಒಳಗೆ ಬಂದವರಿಗೆ ಬೆಳಕು, ಶಬ್ದ, ಶಾಖಗಳ ಪಾಠ ಬಿಟ್ಟುಹೋದರೆ ಅದರ ಬೆಲೆಯನ್ನು ಮನೆಯವರು ತೆರಬೇಕಾಗುತ್ತದೆ.

ಹಾಗಾಗಿ ಸಂಸ್ಥೆಯೊಂದನ್ನು ಆರಿಸುವಾಗ ಅದರ ಕಂಪ್ಯೂಟರ್ ಕೊಠಡಿಯನ್ನಷ್ಟೇ ನೋಡಿ ಮರುಳಾಗಬಾರದು. ಮರಗೆಲಸದ ಬೆಂಚು ಇದೆಯೇ, ಲಕ್ಸ್ ಮೀಟರ್, ಮರದ ತೇವಾಂಶ ಅಳೆಯುವ ಉಪಕರಣ ಇವೆಯೇ, ಅವುಗಳ ಮೇಲೆ ಧೂಳು ಕೂತಿದೆಯೇ ಎಂದು ನೋಡಬೇಕು. ತೆರೆಯ ಮೇಲೆ ಸುಂದರ ಕೋಣೆಯ ಮೂರು ಆಯಾಮದ ಚಿತ್ರ ಬಿಡಿಸುವುದನ್ನು ತಂತ್ರಾಂಶ ಈಗ ಬಹಳ ಸುಲಭ ಮಾಡಿದೆ. ಆದರೆ ತಂತ್ರಾಂಶದ ಕೋಣೆಯ ಮೂಲೆಗಳು ಸದಾ 90 ಡಿಗ್ರಿ. ಕಟ್ಟಿದ ಮನೆಯ ಮೂಲೆಗಳು ಹಾಗಿರುವುದು ಅಪರೂಪ. ಎರಡು ಕರ್ಣಗಳನ್ನು ಅಳೆದು ಹೋಲಿಸುವುದನ್ನು, ಮೂಲೆಯಿಂದ ಮೂರು ಅಡಿ, ನಾಲ್ಕು ಅಡಿ ಗುರುತಿಸಿ ನಡುವಿನ ಅಂತರ ಐದು ಅಡಿ ಇದೆಯೇ ಎಂದು ನೋಡುವುದನ್ನು ನಮ್ಮ ಗಾರೆಯವರು ಪೈಥಾಗೊರಸನ ಹೆಸರು ಹೇಳದೆಯೇ ಮಾಡುತ್ತಾರೆ. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಕೋಣೆಯ ಎರಡು ತುದಿಗಳಲ್ಲಿ ಮಟ್ಟ ಗುರುತಿಸುವ ಅವರ ವಿಧಾನ ದ್ರವಸ್ಥಿತಿ ಶಾಸ್ತ್ರದ ಅತ್ಯುತ್ತಮ ಪ್ರಾತ್ಯಕ್ಷಿಕೆ. ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಮಟ್ಟ ತಪ್ಪುತ್ತದೆಂದು ಅವರಿಗೆ ಗೊತ್ತು. ಏಕೆ ತಪ್ಪುತ್ತದೆಂದು ಪಿಯುಸಿ ವಿದ್ಯಾರ್ಥಿಗೆ ಗೊತ್ತಿರಬೇಕು. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಶಾಲೆಯ ಕಮ್ಮಟಗಳಲ್ಲಿ ಒಬ್ಬ ಕಲಾವಿದ, ಒಬ್ಬ ಕುಶಲಕರ್ಮಿ ಹೀಗೆ ಇಬ್ಬರು ಗುರುಗಳಿರುತ್ತಿದ್ದರು. ನಮ್ಮ ಕಮ್ಮಟಗಳಲ್ಲಿ ಭೌತವಿಜ್ಞಾನದವರೊಬ್ಬರು ಮೂರನೆಯವರಾಗಿ ಇದ್ದರೆ ಇನ್ನೂ ಒಳ್ಳೆಯದೆಂದು ನನ್ನ ಅನಿಸಿಕೆ.

ಅಧ್ಯಾಪಕರು ಕೋರ್ಸಿನ ದಾರಿ ಕಾಯಬೇಕಿಲ್ಲ. ಈಗ ಬಹುತೇಕ ಮೊಬೈಲ್ ಫೋನುಗಳಲ್ಲಿ ಬೆಳಕಿನ ಸಂವೇದಕವಿದೆ. ಅದರ ಲಕ್ಸ್ ಅಳತೆ ನಿಖರವಲ್ಲ, ಆದರೆ ಹೋಲಿಕೆಗೆ ಸಾಕು. ತರಗತಿಯ ಪ್ರತಿ ಬೆಂಚಿನ ಮೇಲೆ ಒಂದೇ ಫೋನನ್ನು ಅಂಗಾತ ಇಟ್ಟು ಅಳತೆ ಬರೆದುಕೊಂಡು ನಕ್ಷೆ ಮಾಡಿಸಿ; ಕಿಟಕಿಯ ಪಕ್ಕದ ಬೆಂಚಿಗೂ ಒಳಮೂಲೆಯ ಬೆಂಚಿಗೂ ಎಷ್ಟು ಪಟ್ಟು ವ್ಯತ್ಯಾಸ ಇದೆಯೆಂದು ಮಕ್ಕಳೇ ಕಂಡುಕೊಳ್ಳಲಿ. ಶಬ್ದಕ್ಕೆ ಒಂದು ಬಲೂನು ಸಾಕು. ಮಕ್ಕಳು ಹೋದ ಮೇಲೆ ಖಾಲಿ ತರಗತಿಯಲ್ಲಿ ಅದನ್ನು ಒಡೆದು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಮರುದಿನ ಮಕ್ಕಳು ತುಂಬಿದ ತರಗತಿಯಲ್ಲಿ, ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಾಗ, ಅದೇ ಅಳತೆಯ ಇನ್ನೊಂದು ಬಲೂನು ಒಡೆಯಿರಿ. ಕಿಟಕಿ ಬಾಗಿಲುಗಳು ಎರಡು ಸಲವೂ ಒಂದೇ ಸ್ಥಿತಿಯಲ್ಲಿರಲಿ. ಎರಡು ಮುದ್ರಣಗಳ ತರಂಗಚಿತ್ರವನ್ನು ಪಕ್ಕಪಕ್ಕದಲ್ಲಿಟ್ಟು ಸದ್ದು ಅಡಗಿದ ಕಾಲವನ್ನು ಅಳೆದು, ಪಟ್ಟಿಯಿಂದ ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಹಿಡಿದು, ಸಬೀನ್ ಸೂತ್ರವನ್ನು ಹಿಂದುಮುಂದಾಗಿಸಿ ಒಬ್ಬ ವಿದ್ಯಾರ್ಥಿ ಎಷ್ಟು ಚದರ ಮೀಟರ್ ತೆರೆದ ಕಿಟಕಿಗೆ ಸಮ ಎಂದು ಕಂಡುಹಿಡಿಯಬಹುದು. ಮಳೆಗಾಲದಲ್ಲಿ ಸ್ವೆಟರ್ ಹಾಕಿಕೊಂಡು ಬಂದ ದಿನ ಉತ್ತರ ಬೇರೆಯೇ ಬರುತ್ತದೆ.